ನಮ್ಮ ಮಂಡಿಗಳ ಪರವಾಗಿ

45 ದಾಟಿದವರ ಬೆಳಗಿನ ಬ್ಯಾಸ್ಕೆಟ್‌ಬಾಲ್ ಗುಂಪು ಈ ಯುಗಾದಿಗೆ ಒಂದು ವರ್ಷ ಪೂರೈಸಿತು. ಮಂಡಿ ನೋವೆಂದು ಆಟ ಬಿಟ್ಟವರು ಯಾರೂ ಇಲ್ಲ. ಇದಕ್ಕೆ ಕಾರಣರಾದವರ ಋಣ ದೊಡ್ಡದು.

ಮೊದಲ ನಮಸ್ಕಾರ ಫಿಸಿಯೋ ಮೇಡಂಗೆ. ಮಂಡಿ ನೋವೆಲ್ಲ ಒಂದೇ ಅಲ್ಲ ಎಂದು ಬೆರಳಿಟ್ಟು ತೋರಿಸಿದವರು ಅವರು. ನೆಗೆಯುವಾಗ ಮಂಡಿಚಿಪ್ಪಿನ ಕೆಳತುದಿಯಲ್ಲಿ, ಒಂದು ಬೆರಳಗಲದ ಜಾಗದಲ್ಲಿ ಚುಚ್ಚಿದರೆ ಅದು ಸಾಮಾನ್ಯವಾಗಿ ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ) ನೋವು. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕೂತು ಏಳುವಾಗ ಚಿಪ್ಪಿನ ಸುತ್ತ ಹರಡುವ ನೋವಿನ ಲೆಕ್ಕವೇ ಬೇರೆ. ಬರೀ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತದೆ ನಿಜ, ಜೊತೆಗೆ ತೊಡೆಯೂ ರಜ್ಜೂ ಸೊರಗುತ್ತವೆ. ಮತ್ತೆ ಕೋರ್ಟಿಗಿಳಿದ ವಾರವೇ ನೋವು ಹಾಜರು.

ರಜ್ಜು ನೋವಿಗೆ ಅವರು ಕೊಟ್ಟ ಕ್ರಮ ಇದು: ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯ ಮೇಲೆ ಕೂತಂತೆ 45 ಸೆಕೆಂಡ್ ಅಲುಗದೆ ನಿಲ್ಲುವುದು, 2 ನಿಮಿಷ ಬಿಡುವು, ಹೀಗೆ 5 ಸಲ. ನೋವು ತಗ್ಗಿದ ಮೇಲೆ ಭಾರ ಹಿಡಿದು ಬಸ್ಕಿ, ವಾರಕ್ಕೆ 3 ದಿನ. ಇಳಿಯಲು 3 ಸೆಕೆಂಡ್, ಏಳಲು 3 ಸೆಕೆಂಡ್. ಮೊದಲ ವಾರ 15ರಂತೆ 4 ಸುತ್ತು. 12 ವಾರಗಳಲ್ಲಿ ಭಾರ ಏರಿಸುತ್ತ, ಎಣಿಕೆ 6ಕ್ಕೆ ಇಳಿಸುತ್ತ ಹೋಗಬೇಕು. ಬಹಳ ಜನ ಎಡವುವುದು ಇಲ್ಲೇ: ಮೂರನೇ ವಾರ ಹಾಯೆನಿಸಿತೆಂದು ನಿಲ್ಲಿಸಿಬಿಡುತ್ತಾರೆ. ರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ವ್ಯಾಯಾಮದಲ್ಲಿ ನೋವು 10ಕ್ಕೆ 3ರೊಳಗಿದ್ದು, ಮರುದಿನ ಬೆಳಿಗ್ಗೆ ಮೊದಲಿನಂತಾದರೆ ಮುಂದುವರಿಸಬಹುದು. ಆಗದಿದ್ದರೆ ಭಾರ ಕಡಿಮೆ ಮಾಡಬೇಕು, ಬಿಡುವುದಲ್ಲ.

ನಿಂತು ಬಸ್ಕಿ ಹೊಡೆಯಲು ಇಳಿಜಾರು ಹಲಗೆ ಮಾಡಿಕೊಟ್ಟ ಆಚಾರ್ರಿಗೆ ವಂದನೆ. ಮೇಲ್ಮೈ 40 ಸೆಂ.ಮೀ. ಉದ್ದ, ಹಿಮ್ಮಡಿಯ ಕಡೆ 17 ಸೆಂ.ಮೀ. ಎತ್ತರ, ಸರಿಯಾಗಿ 25 ಡಿಗ್ರಿ. ಮೇಲೆ ರಬ್ಬರ್ ಮ್ಯಾಟ್ ಅಂಟಿಸಿದ್ದು ಅವರದೇ ಬುದ್ಧಿ. ಈ ಹಲಗೆ ರಜ್ಜು ನೋವಿನವರಿಗೆ ಮಾತ್ರ. ಇದರ ಮೇಲೆ ಬಸ್ಕಿ ಹೊಡೆದರೆ ಚಿಪ್ಪಿನ ಹಿಂದೆಯೂ ಒತ್ತಡ ಏರುತ್ತದೆ, ಅಲ್ಲಿ ಸವೆತ ಇದ್ದವರಿಗೆ ಕೇಡೇ ಹೆಚ್ಚು.

ಪೂರ್ತಿ ಕೋರ್ಟ್ ಬಿಟ್ಟುಕೊಟ್ಟು ನಮ್ಮೊಂದಿಗೆ ಅರ್ಧ ಕೋರ್ಟಿನಲ್ಲಿ ಮೂವರ ವಿರುದ್ಧ ಮೂವರು ಆಡಿದ ಹುಡುಗರಿಗೆ ಏನೆನ್ನುವುದು! 28 ಮೀಟರ್ ಉದ್ದಕ್ಕೂ ಓಡಿ ಗಕ್ಕನೆ ನಿಲ್ಲುವುದೇ ತಪ್ಪಿತು. 10 ನಿಮಿಷ ಅಥವಾ 21 ಪಾಯಿಂಟ್, ಅಲ್ಲಿಗೆ ಆಟ ಮುಗಿಯಿತು. ಲೇಅಪ್‌ಗೆ (ರಿಂಗ್ ಹತ್ತಿರಕ್ಕೆ ಓಡಿಬಂದು ಚೆಂಡು ಹಾಕಲು) ಹಾರಿ ಒಂಟಿಕಾಲಲ್ಲಿ ಇಳಿಯುವ ಬದಲು ಬೋರ್ಡಿಗೆ ತಾಗಿಸಿ ಹಾಕುವುದನ್ನು ಈಗ ಅವರೂ ಕಲಿತಿದ್ದಾರೆ. ರೀಬೌಂಡಿಗೆ (ಗುರಿ ತಪ್ಪಿ ಪುಟಿದ ಚೆಂಡಿಗೆ) ಹಾರಿದರೆ ಎರಡು ಕಾಲಲ್ಲಿ, ಮಂಡಿ ಒಳಕ್ಕೆ ವಾಲದಂತೆ, ಸದ್ದಾಗದಂತೆ ಇಳಿಯಿರಿ ಎಂದು ಅವರೇ ನಮಗೆ ಕೂಗಿ ಹೇಳುತ್ತಾರೆ.

ಕೋರ್ಟ್ ಗುಡಿಸುವ ಅಣ್ಣನ ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಸಿಮೆಂಟ್ ನೆಲದ ಮೇಲೆ ನುಣ್ಣನೆ ಧೂಳಿದ್ದರೆ, ರಿಂಗ್ ಕೆಳಗೆ ರಾತ್ರಿಯ ಮಳೆನೀರು ನಿಂತಿದ್ದರೆ ಪಾದ ಜಾರುತ್ತದೆ, ಮಂಡಿ ತಿರುಚುತ್ತದೆ. ಐದೂ ಮುಕ್ಕಾಲಿಗೇ ಬಂದು ಒರೆಸುತ್ತಾರೆ.

ಕೇಳಿದ ಕೂಡಲೇ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚದ ಡಾಕ್ಟರಿಗೂ ಕೃತಜ್ಞತೆ. ರಜ್ಜಿಗೆ ಚುಚ್ಚಿದರೆ ಅದು ಹರಿಯುವ ಅಪಾಯ ಉಂಟು. ಆಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗಬೇಡಿ, ಎಚ್ಚರಿಕೆಯ ಗಂಟೆಯನ್ನೇ ಅದು ಮುಚ್ಚುತ್ತದೆ ಎಂದು ಗದರಿದವರೂ ಅವರೇ. ನೋವಿಲ್ಲದ ಲಟಲಟ ಸದ್ದಿಗೆ ಹೆದರಬೇಕಿಲ್ಲ. ಆದರೆ ಮಂಡಿ ಸಿಕ್ಕಿಕೊಂಡು ಕಾಲು ನೀಡಲಾಗದಿದ್ದರೆ, ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಬಾತರೆ, ಕಾಲೂರಲಾಗದಿದ್ದರೆ, ಜ್ವರದೊಡನೆ ಮಂಡಿ ಬಿಸಿಯಾಗಿ ಕೆಂಪಾದರೆ ತಡಮಾಡದೆ ತೋರಿಸಬೇಕು.

ಹಲಗೆ ಗೇಟಿನ ಪಕ್ಕದ ಕೋಣೆಯಲ್ಲಿದೆ. ರಜ್ಜು ನೋವಿನವರು ಯಾರು ಬೇಕಾದರೂ ಬಳಸಬಹುದು, ಒರೆಸಿಟ್ಟರೆ ಸಾಕು.