ತೋಟದ ಆಫೀಸಿನ ಹಳೇ ಕ್ಯಾಲ್ಕುಲೇಟರ್ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ತೋಟದ ಬಂಗಲೆಗಳು ಒಂದೊಂದಾಗಿ ಹೋಮ್‌ಸ್ಟೇ ಆಗುತ್ತಿವೆ. ಆಗಲಿ. ಆದರೆ ಆಫೀಸ್ ಕೋಣೆ ಖಾಲಿ ಮಾಡುವಾಗ ಅಲ್ಲಿರುವ ಹಳೇ ಯಂತ್ರಗಳನ್ನು ತೂಕಕ್ಕೆ ಹಾಕಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಕೊಡಗಿನ ಸುಂಟಿಕೊಪ್ಪದಲ್ಲಿ 38 ವರ್ಷ ರೇಡಿಯೊ, ಟಿ.ವಿ. ರಿಪೇರಿ ಮಾಡಿದವನು. ಹೋದ ವರ್ಷ ಗುಜರಿಯವರು ಒಂದು ಭಾರದ ಪೆಟ್ಟಿಗೆ ತಂದು, "ಅಣ್ಣಾ, ಇದರಲ್ಲಿ ತಾಮ್ರ ಎಷ್ಟಿರಬಹುದು ನೋಡಿ" ಎಂದರು. ಮುಚ್ಚಳ ತೆಗೆದರೆ ಸಾಲಾಗಿ 12 ಗಾಜಿನ ಟ್ಯೂಬ್! ಜಪಾನಿನ ಕ್ಯಾಲ್ಕುಲೇಟರ್. ಅವರು ಹೇಳಿದಷ್ಟು ಕೊಟ್ಟು ಇಟ್ಟುಕೊಂಡೆ.

ಇವಕ್ಕೆ ನಿಕ್ಸಿ ಟ್ಯೂಬ್ ಎನ್ನುತ್ತಾರೆ. ಒಂದೊಂದು ಟ್ಯೂಬಿನಲ್ಲೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಲೋಹದಲ್ಲಿ ಮಾಡಿ, ಒಂದರ ಹಿಂದೆ ಒಂದು ನಿಲ್ಲಿಸಿರುತ್ತಾರೆ. ಸುತ್ತ ನಿಯಾನ್ ಅನಿಲ. ಸುಮಾರು 170 ವೋಲ್ಟ್ ಕೊಟ್ಟರೆ ಬೇಕಾದ ಅಂಕಿಯ ಮೈಗೆ ಅಂಟಿಕೊಂಡ ಹಾಗೆ ಕೆಂಡದ ಬಣ್ಣದ ಬೆಳಕು ಬರುತ್ತದೆ. ಅಂಕಿ ಬದಲಾದಾಗ ಬೆಳಕು ಒಂದು ಚೂರು ಹಿಂದೆ ಮುಂದೆ ಸರಿಯುತ್ತದೆ. ಬ್ರಿಟನ್ನಿನ ಅನಿತಾ ಎಂಬ ಯಂತ್ರ 1961ರಲ್ಲೇ ಇಂಥ ಟ್ಯೂಬಿನೊಂದಿಗೆ ಬಂತು. 1964ರ ಶಾರ್ಪ್ ಯಂತ್ರ 25 ಕಿಲೋ ತೂಗುತ್ತಿತ್ತು!

ನನ್ನ ಕೈಗೆ ಬಂದದ್ದರ ಸ್ಥಿತಿ ಹೇಳುತ್ತೇನೆ. ಬೆನ್ನಿನ ತಗಡಿನಲ್ಲಿ 100 ವೋಲ್ಟ್ ಎಂದು ಬರೆದಿತ್ತು. ಯಾರೋ ನೇರ 230ಕ್ಕೆ ಚುಚ್ಚಿದ್ದರು. ಫ್ಯೂಸ್ ಸುಟ್ಟಿತ್ತು, ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕಂಡೆನ್ಸರ್ ಬಾಯಿ ಬಿಟ್ಟಿತ್ತು. ಕೀಲಿಗಳ ಕೆಳಗೆ ನಮ್ಮ ಮಳೆಗಾಲದ ಕೆಲಸ, ಹಸಿರು ಕಿಲುಬು. ಒಂದು ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಚಿಪ್ಪು. ಕಂಡೆನ್ಸರ್‌ಗಳನ್ನೆಲ್ಲ ಬದಲಾಯಿಸಿದೆ. ಕಿಲುಬನ್ನು ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ, ಅದಕ್ಕೇ ನಾಲ್ಕು ದಿನ ಹಿಡಿಯಿತು. ಆಮೇಲೆ 230 ವೋಲ್ಟನ್ನು 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು, ಕರೆಂಟ್ ಬರುವ ದಾರಿಯಲ್ಲೇ (ಸೀರೀಸ್‌ನಲ್ಲಿ) 60 ವ್ಯಾಟ್ ಬಲ್ಬ್ ಹಾಕಿ ಕರೆಂಟ್ ಕೊಟ್ಟೆ. ಬಲ್ಬ್ ಒಮ್ಮೆ ಜೋರಾಗಿ ಉರಿದು ಮಂಕಾಯಿತು. ಶಾರ್ಟ್ ಇಲ್ಲ ಎಂದು ಅರ್ಥ. ಹನ್ನೆರಡೂ ಸೊನ್ನೆ ಒಟ್ಟಿಗೆ ಹೊತ್ತಿಕೊಂಡವು. ಅಂಗಡಿಯ ಲೈಟ್ ಆರಿಸಿ ಸುಮ್ನೆ ನೋಡುತ್ತಾ ಕೂತೆ.

ಎಡತುದಿಯ ಟ್ಯೂಬಿನಲ್ಲಿ 7 ಮಾತ್ರ ಅರ್ಧ ಹೊತ್ತುತ್ತಿತ್ತು. ಅಲ್ಲಿ ವರ್ಷಗಟ್ಟಲೆ ಸೊನ್ನೆಯೇ ಉರಿದಿರುತ್ತದೆ. ಅದರಿಂದ ಸಿಡಿದ ಲೋಹದ ಕಣ ಉಳಿದ ಅಂಕಿಗಳ ಮೇಲೆ ಕೂರುತ್ತದೆ. 7ನ್ನು ಹನ್ನೆರಡು ಸಲ ಒತ್ತಿ ಹಾಗೇ ಉರಿಯಲು ಬಿಟ್ಟೆ. ಮೂರನೇ ರಾತ್ರಿ ಅಂಕಿ ಪೂರ್ತಿ ಬಂತು.

ಪಕ್ಕದ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದ ಹಿರಿಯರನ್ನು ಕರೆದು ತೋರಿಸಿದೆ. ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಫಸಲು ಕೊಟ್ಟು, ದುಡ್ಡು ಕಂತಿನಲ್ಲಿ ಬರುತ್ತಿದ್ದ ಕಾಲದಲ್ಲಿ ಲೆಕ್ಕ ಬರೆದವರು. ಬೆರಳು ತಾನಾಗಿ ಕೀಲಿ ಹುಡುಕಿತು. 128 ಮೂಟೆ, ಮೂಟೆಗೆ 50 ಕಿಲೋ. 6400 ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ಗಡಿಯಾರ ಮಾಡುತ್ತೇವೆ, ಟ್ಯೂಬ್ ಮಾತ್ರ ಕಿತ್ತು ಕೊಡಿ ಎಂದು ಕೇಳುವವರು ಜಾಸ್ತಿ. ಇಡೀ ಯಂತ್ರ ಸರಿಯಾಗುವಾಗ ಹಾಗೆ ಕೀಳುವುದು ತಪ್ಪಲ್ವಾ? ನಿಮ್ಮ ಅಟ್ಟದಲ್ಲಿ ಇಂಥದ್ದು ಇದ್ದರೆ ಪ್ಲಗ್ ಚುಚ್ಚಬೇಡಿ. ಹಿಂದಿನ ತಗಡಿನಲ್ಲಿ ವೋಲ್ಟ್ ಎಷ್ಟಿದೆ ನೋಡಿ. ಪ್ಲಗ್ ತೆಗೆದ ಮೇಲೂ ಕಂಡೆನ್ಸರ್ ಹೊಡೆಯುತ್ತದೆ, ಕೈ ಹಾಕಬೇಡಿ. ಬೂಷ್ಟು ಹಿಡಿಯದಂತೆ ಬೀರುವಿನಲ್ಲಿ ಬಟ್ಟೆಗೆ ಬಲ್ಬ್ ಉರಿಸುತ್ತೇವಲ್ಲ, ಆ ಬೀರುವಿನಲ್ಲೇ ಇದಕ್ಕೂ ಜಾಗ ಕೊಡಿ. ರಿಪೇರಿಗೆ ನಾನು ದುಡ್ಡು ಕೇಳುವುದಿಲ್ಲ, ಸಾಮಾನಿನ ಖರ್ಚು ಕೊಟ್ಟರೆ ಸಾಕು. ಸಂತೆ ದಿನ ಅಂಗಡಿ ತೆಗೆದೇ ಇರುತ್ತದೆ.

– ಒಬ್ಬ ಹಳೇ ರೇಡಿಯೊ ಮೆಕ್ಯಾನಿಕ್, ಸುಂಟಿಕೊಪ್ಪ