ಹಡಗಿನ ವರ್ಣನೆ ಸಾಕು, ಬಂದರಿಗೆ ಹೋಗುವ ದಾರಿ ಹೇಳಿ

ಮಾನ್ಯ ಸಂಪಾದಕರೇ,

ಕ್ರೂಸ್ ಪ್ರವಾಸದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಹಡಗಿನಲ್ಲಿ ಊಟಕ್ಕೆ ಏನೇನಿದೆ, ಈಜುಕೊಳ ಎಷ್ಟು, ಬಾಲ್ಕನಿಯಿಂದ ಏನು ಕಾಣುತ್ತದೆ, ಎಲ್ಲ ಇರುತ್ತದೆ. ಎರಡು ಸೂಟ್‌ಕೇಸ್ ಎಳೆದುಕೊಂಡು ಆ ಹಡಗಿನ ಹತ್ತಿರ ಹೋಗುವುದು ಹೇಗೆ ಅನ್ನುವುದು ಮಾತ್ರ ಇರುವುದಿಲ್ಲ. ‘ರೈಲು, ಬಸ್ ಸೌಕರ್ಯ ಚೆನ್ನಾಗಿದೆ’ ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಯಾರಿಗೆ ಚೆನ್ನಾಗಿದೆ ಸ್ವಾಮಿ? ಕೈಬೀಸಿಕೊಂಡು ಹೋಗುವವರಿಗೆ ತಾನೇ?

ಮೊದಲು ಊರಿನ ಹೆಸರಿನ ವಿಷಯ. ಟಿಕೆಟ್ ಮಾರುವಾಗ ‘ರೋಮ್‌ನಿಂದ’ ಅಂತ ದೊಡ್ಡದಾಗಿ ಹಾಕಿರುತ್ತಾರೆ, ಹಡಗು ನಿಂತಿರುವುದು ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಚಿವಿತಾವೆಕ್ಯಾದಲ್ಲಿ. ಲಂಡನ್ ಅಂದರೆ ಎಷ್ಟೋ ಸಲ ಸೌತಾಂಪ್ಟನ್, ಪ್ಯಾರಿಸ್ ಅಂದರೆ ಲ ಹಾವ್ರ್. ಬರ್ಲಿನ್ ಅಂತ ಬರೆದಿದ್ದರೆ ವಾರ್ನೆಮ್ಯುಂಡೆ, ಅದು 200 ಕಿಲೋಮೀಟರಿಗಿಂತ ಜಾಸ್ತಿ. ದೂರ ಇದ್ದರೆ ಇರಲಿ, ರೈಲಿನಲ್ಲಿ ಕೂತರೆ ಆಯಿತು. ತೊಂದರೆ ಶುರುವಾಗುವುದು ಇಳಿದ ಮೇಲೆ. ಚಿವಿತಾವೆಕ್ಯಾಗೆ ರೋಮ್‌ನಿಂದ ಸುಮಾರು ಒಂದು ಗಂಟೆಯ ಪ್ರಯಾಣ, ಆರಾಮವಾಗಿಯೇ ಇರುತ್ತದೆ. ಆಮೇಲೆ ನಿಲ್ದಾಣದಿಂದ ಬಂದರಿನ ಬಾಗಿಲಿಗೆ ಒಂದು ಬಸ್, ಅಲ್ಲಿಂದ ಹಡಗಿನ ಹತ್ತಿರಕ್ಕೆ ಇನ್ನೊಂದು ಬಸ್. ಅಂದರೆ ಅದೇ ಸೂಟ್‌ಕೇಸನ್ನು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಬೇಕು. ಎಲ್ಲರೂ ಗಂಟೆಯ ಲೆಕ್ಕ ಹೇಳುತ್ತಾರೆ. ನನ್ನನ್ನು ಕೇಳಿದರೆ ಎಷ್ಟು ಸಲ ಬದಲಾಯಿಸಬೇಕು ಅನ್ನುವುದೇ ನಿಜವಾದ ಲೆಕ್ಕ.

ಹಾಗಂತ ಸಾರ್ವಜನಿಕ ಸಾರಿಗೆ ಬೇಡ, ಟ್ಯಾಕ್ಸಿಯೇ ಗತಿ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ವ್ಯಾಂಕೂವರ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ಹತ್ತಿದ ರೈಲು ಅರ್ಧ ಗಂಟೆಯೊಳಗೆ ವಾಟರ್‌ಫ್ರಂಟ್‌ಗೆ ತಂದು ಬಿಡುತ್ತದೆ, ನಡುವೆ ಎಲ್ಲೂ ಬದಲಾಯಿಸಬೇಕಾಗಿಲ್ಲ, ಅಲ್ಲಿಂದ ಹಡಗು ಹತ್ತುವ ಕಟ್ಟಡವಾದ ಕೆನಡಾ ಪ್ಲೇಸ್ ಟರ್ಮಿನಲ್‌ಗೆ ನಡೆದೇ ಹೋಗಬಹುದು. ಸಿಂಗಪುರದ ಹಾರ್ಬರ್‌ಫ್ರಂಟ್‌ನಲ್ಲೂ ಮೆಟ್ರೊ ಪಕ್ಕದಲ್ಲೇ ಇದೆ. ಆದರೆ ಅಲ್ಲಿ ಮರೀನಾ ಬೇ ಅಂತ ಇನ್ನೊಂದು ಟರ್ಮಿನಲ್ ಇದೆ, ಅದರ ನಿಲ್ದಾಣ ಬೇರೆ. ಸಿಡ್ನಿಯಲ್ಲಂತೂ ಅಜಗಜಾಂತರ. ಸರ್ಕ್ಯುಲರ್ ಕೀ ಟರ್ಮಿನಲ್ ಆದರೆ ರೈಲು ಇಳಿದ ಕೂಡಲೇ ಹಡಗು ಕಣ್ಣಿಗೆ ಬೀಳುತ್ತದೆ, ವೈಟ್ ಬೇ ಆದರೆ ಹತ್ತಿರದಲ್ಲಿ ರೈಲೇ ಇಲ್ಲ. ಟರ್ಮಿನಲ್ ಯಾವುದು ಅಂತ ತಿಳಿಯದೆ ದಾರಿ ಹುಡುಕಿ ಏನು ಪ್ರಯೋಜನ?

ಇನ್ನು ಮೆಟ್ಟಿಲು. ನಕ್ಷೆಯಲ್ಲಿ ಗೆರೆ ನೇರವಾಗಿ ಹೋಗುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಲಂಡನ್ನಿನ ಭೂಗತ ರೈಲಿನ ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತದೆ ಹೋಗಬಹುದಾದವು ಸುಮಾರು ಮೂರನೇ ಒಂದು ಭಾಗ ಅಷ್ಟೇ. ಅವನ್ನು ತೋರಿಸುವ ಬೇರೆ ನಕ್ಷೆಯೇ ಇದೆ, ಗಾಲಿಕುರ್ಚಿಯವರಿಗಾಗಿ ಮಾಡಿದ್ದು ಅಂತ ಸುಮ್ನೆ ಬಿಡಬೇಡಿ, ದೊಡ್ಡ ಸೂಟ್‌ಕೇಸ್ ಇದ್ದವರಿಗೂ ಅದೇ ದಾರಿ ಸರಿ. ವಿಮಾನದವರ ಹಾಗೆ ಹಡಗಿನವರು ಪ್ರತಿ ಕಿಲೋ ತೂಗುವುದಿಲ್ಲ ಅಂತ ಜನ ಸಿಕ್ಕಿದ್ದೆಲ್ಲ ತುಂಬಿಕೊಳ್ಳುತ್ತಾರೆ, ಲಿಫ್ಟ್ ಕೆಟ್ಟ ನಿಲ್ದಾಣದಲ್ಲಿ ಭುಜ ತೂಗುತ್ತದೆ. ಜಪಾನ್‌ನವರನ್ನು ಮೆಚ್ಚಬೇಕು. ಅಲ್ಲಿಯ ಕೆಲವು ಶಿಂಕಾನ್ಸೆನ್ (ಅತಿವೇಗದ ರೈಲು) ಮಾರ್ಗಗಳಲ್ಲಿ 2020ರಿಂದ, ಚೀಲದ ಉದ್ದ, ಅಗಲ, ಎತ್ತರ ಕೂಡಿಸಿದರೆ 160 ಸೆಂಟಿಮೀಟರ್ ದಾಟಿದರೆ ಅದಕ್ಕೆ ಜಾಗ ಇರುವ ಸೀಟನ್ನು ಮೊದಲೇ ಕಾದಿರಿಸಬೇಕು. ಕಟ್ಟುನಿಟ್ಟು ಅನ್ನಿಸಬಹುದು, ಆದರೆ ಅಳತೆ ಮುಂಚೆಯೇ ಗೊತ್ತಿರುತ್ತದೆ ಅಲ್ವಾ. ಬೇಡ ಅಂದರೆ ಚೀಲವನ್ನು ಮುಂದಿನ ಹೋಟೆಲಿಗೆ ಕಳಿಸಿಕೊಡುವ ಸೇವೆಯೂ ಅಲ್ಲಿದೆ.

ಹೊಸದಾಗಿ ಹೋಗುವವರಿಗೆ ಇನ್ನೊಂದು ಮಾತು. ಟರ್ಮಿನಲ್ ಬಾಗಿಲಲ್ಲಿ ದೊಡ್ಡ ಚೀಲಗಳನ್ನು ತೆಗೆದುಕೊಂಡು ಕೋಣೆಗೆ ತಲುಪಿಸುತ್ತಾರೆ, ಕೆಲವು ಸಲ ಸಂಜೆಯಾಗುತ್ತದೆ. ಪಾಸ್‌ಪೋರ್ಟ್, ಔಷಧಿ ಕೈಚೀಲದಲ್ಲೇ ಇರಲಿ. ಹಡಗು ಹೊರಡುವ ಒಂದು ಗಂಟೆ, ಒಂದೂವರೆ ಗಂಟೆ ಮೊದಲೇ ಬಾಗಿಲು ಹಾಕುತ್ತಾರೆ, ಬಸ್ ತಡವಾಯಿತು ಅಂದರೆ ಯಾರೂ ಕಾಯುವುದಿಲ್ಲ. ಹಿಂದಿನ ದಿನವೇ ಆ ಊರು ಸೇರಿದ್ದರೆ ಸಂಜೆ ಬರಿಗೈಯಲ್ಲಿ ಒಮ್ಮೆ ಬಸ್ ನಿಲ್ಲುವ ಜಾಗ ನೋಡಿ ಬನ್ನಿ. ಒಬ್ಬರಿಗೆ ಒಂದೇ ಚೀಲ, ಅದನ್ನು ಅವರೇ ಎತ್ತಬಲ್ಲರು ಅಂದರೆ ಬಸ್ಸು ರೈಲು ಧಾರಾಳವಾಗಿ ಆಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಊರಿನವರೆಗೆ ರೈಲು, ಕಡೆಯ ಸ್ವಲ್ಪ ದೂರಕ್ಕೆ ಟ್ಯಾಕ್ಸಿ. ಇದರಲ್ಲಿ ಜಿಪುಣತನ ಬೇಡ.

ಟಿಕೆಟ್ ಮಾರುವವರು ಬಂದರಿನ ಊರು, ಟರ್ಮಿನಲ್ ಎರಡನ್ನೂ ಮೊದಲ ಪುಟದಲ್ಲೇ ಅಚ್ಚು ಹಾಕಬೇಕು. ನಿಮ್ಮ ಪ್ರವಾಸ ಪುಟದಲ್ಲೂ ಕ್ರೂಸ್ ಬಗ್ಗೆ ಬರೆದಾಗ ನಾಲ್ಕು ಸಾಲು ಇದಕ್ಕೆ ಬಿಡಿ: ಎಲ್ಲಿ ಇಳಿಯಬೇಕು, ಅಲ್ಲಿಂದ ಟರ್ಮಿನಲ್ ಎಷ್ಟು ದೂರ, ಲಿಫ್ಟ್ ಇದೆಯಾ, ಬಸ್ಸಿನಲ್ಲಿ ಸೂಟ್‌ಕೇಸ್ ಇಡಲು ಜಾಗ ಇದೆಯಾ.

ಇಂತಿ,
ನಿಮ್ಮ ಓದುಗ