ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಹೆಂಚಿನ ಮಾಡು ಹೊದೆಸಬೇಕು, ಕೈ ಜೋಡಿಸಿ

ಆತ್ಮೀಯರೇ, ನಮಸ್ಕಾರ.

ಮಂಗಳೂರು ಹತ್ತಿರದ ಕೊಣಾಜೆಯ ನಮ್ಮ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯ ನಿಮಗೆ ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ಅಕ್ಕ, ತಂಗಿ, ಮಗಳು ಇಲ್ಲಿಯ ಜಗಲಿಯಲ್ಲಿ ಕೂತು ಗಂಜಿ ಉಂಡು ಓದಿದವರೇ. ಆ ಮನೆಯ ಓದುವ ಕೋಣೆಯ ಮಾಡು ಕಳೆದ ವಾರದ ಗಾಳಿಮಳೆಗೆ ಬಿತ್ತು. ಹೆಂಚು ಹೊತ್ತಿದ್ದ ಮರದ ಪಕ್ಕಾಸು ಗೆದ್ದಲು ತಿಂದು ಮುರಿದು, ಹೆಂಚೆಲ್ಲ ಮೇಜಿನ ಮೇಲೆ ಬಂತು. ಮಕ್ಕಳು ಆಗಷ್ಟೇ ಊಟಕ್ಕೆ ಎದ್ದು ಹೋಗಿದ್ದರು. ದೇವರು ಕಾಪಾಡಿದ.

ಬೆಳಗ್ಗೆ ನಾವು ಹೋದಾಗ ಎಂ.ಎ. ಓದುವ ಹುಡುಗಿಯೊಬ್ಬಳು ಒದ್ದೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ನಡುನಡುವೆ ಪೇಪರ್ ಇಡುತ್ತಿದ್ದಳು. ಪುಸ್ತಕ ಲೈಬ್ರರಿಯದ್ದು. "ಫೈನ್ ಜಾಸ್ತಿ ಹಾಕ್ತಾರಾ ಸರ್?" ಅಂತ ಕೇಳಿದಳು. ಅವಳ ಅಮ್ಮ ಬೀಡಿ ಕಟ್ಟಿ ಫೀಸು ಹೊಂದಿಸುವವರು. ರಜೆಗೆ ಹೋದರೆ ಇವಳ ಮಡಿಲಲ್ಲೂ ಬೀಡಿ ಕಟ್ಟುವ ತಡ್ಪೆ ಇರುತ್ತದೆ. ಬೈಂದೂರು, ಸುಳ್ಯ, ಬೆಳ್ತಂಗಡಿ ಕಡೆಯ ಇಂಥ ಮಕ್ಕಳೇ ನಮ್ಮಲ್ಲಿರುವುದು. ಬೈಂದೂರಿನಿಂದ ಇಲ್ಲಿಗೆ ನೂರು ಕಿಲೋಮೀಟರಿಗೂ ಜಾಸ್ತಿ, ದಿನಾ ಓಡಾಡಲು ಆಗುವ ಮಾತಲ್ಲ.

ಒಂದು ಕಾಲದಲ್ಲಿ ಎಂ.ಎ. ಓದಬೇಕಾದರೆ ನಮ್ಮವರು ಘಟ್ಟ ಹತ್ತಿ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಿತ್ತು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವವರು ಎಷ್ಟು ಮಂದಿ? 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿಗೆ ಬಂತು. ಎಸ್.ವಿ. ಪರಮೇಶ್ವರ ಭಟ್ಟರಂಥ ಮೇಷ್ಟ್ರು ಇಲ್ಲೇ ಕೊಣಾಜೆಯಲ್ಲಿ ಮಂಗಳಗಂಗೋತ್ರಿ ಎಂಬ ಆ ಕೇಂದ್ರವನ್ನು ಬೆಳೆಸಿದರು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಓದು ಮನೆ ಹತ್ತಿರ ಬಂತು, ಆದರೆ ಉಳಿಯಲು ಒಂದು ಸೂರು ಬೇಕಲ್ವಾ? ನಮ್ಮ ಹಿರಿಯರು ಮುರಕಲ್ಲಿನ ಈ ಮನೆ ಕಟ್ಟಿಸಿದ್ದು ಅದಕ್ಕೇ. ಇಲ್ಲಿ ಓದಿದವರು ಇವತ್ತು ಊರೂರಿನ ಶಾಲೆ, ಕಾಲೇಜು, ಬ್ಯಾಂಕುಗಳಲ್ಲಿದ್ದಾರೆ. ಕೊರೊನಾ ಸಮಯದಲ್ಲಿ ಊರಿಗೆ ಹೋಗಲಾಗದೆ ಉಳಿದ ಮಕ್ಕಳಿಗಾಗಿ ನಮ್ಮ ಒಲೆ ಒಂದು ದಿನವೂ ಆರಲಿಲ್ಲ. ಫೀಸು ಕಟ್ಟಲಿಲ್ಲ ಅಂತ ಯಾರನ್ನೂ ಹೊರಗೆ ಕಳಿಸಿದವರಲ್ಲ ನಾವು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ಸುಮ್ನೆ ಶೀಟು ಹಾಕಿಬಿಡಿ, ಖರ್ಚು ಕಡಿಮೆ ಅಂತ ಕೆಲವರು ಹೇಳಿದರು. ಆಟಿ ತಿಂಗಳ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಸೆಕೆಗಾಲದಲ್ಲಿ ಅದರಡಿ ಕೂರಲಿಕ್ಕೇ ಆಗುವುದಿಲ್ಲ. ಅದು ಓದುವ ಕೋಣೆ. ಹಳೆಯ ಮಂಗಳೂರು ಹೆಂಚುಗಳಲ್ಲಿ ಒಡೆಯದೆ ಉಳಿದವು ಇನ್ನೂ ಗಟ್ಟಿ ಇವೆ, ತೊಳೆದು ಅಂಗಳದಲ್ಲಿ ಜೋಡಿಸಿಟ್ಟಿದ್ದೇವೆ. ಕಬ್ಬಿಣದ ಪಕ್ಕಾಸು, ರೀಪು ಹಾಕಿ, ಕಡಿಮೆ ಬಿದ್ದ ಹೆಂಚು ತಂದು ಹೊದೆಸಲು ಎಂಟೊಂಬತ್ತು ಲಕ್ಷ ಆದೀತು ಎಂದು ಮೇಸ್ತ್ರಿ ಹೇಳಿದ್ದಾರೆ. ಉಳಿದ ಕೋಣೆಗಳ ಪಕ್ಕಾಸನ್ನೂ ತಟ್ಟಿ ನೋಡಿಸಿದೆವು, ಎರಡು ಕಡೆ ಟೊಳ್ಳು ಸದ್ದು ಬಂತು. ಅದೂ ಇದರಲ್ಲೇ ಸೇರಿದೆ. ಟ್ರಸ್ಟಿಗಳು ನಾವು ಸೇರಿ ಮೂರು ಲಕ್ಷದ ಹತ್ತಿರ ಹಾಕಿದ್ದೇವೆ.

ಪತ್ತನಾಜೆಗೆ ಇನ್ನು ಮೂರೇ ವಾರ. ಆಮೇಲೆ ಮಳೆ ಹಿಡಿದರೆ ಮಾಡಿನ ಕೆಲಸ ಆಗುವುದಿಲ್ಲ. ಟರ್ಪಾಲು ಎಷ್ಟು ದಿನ ತಡೆದೀತು? ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿದೆ. ಮಕ್ಕಳು ರಾತ್ರಿ ಪಾತ್ರೆ ತೊಳೆದಾದ ಮೇಲೆ ಊಟದ ಕೋಣೆಯ ನೆಲದಲ್ಲೇ ಓದುತ್ತಿದ್ದಾರೆ.

ನಿಮ್ಮಿಂದ ಆದಷ್ಟು ಕೊಡಿ. ನೂರು ಹೆಂಚಿನ ದುಡ್ಡಾದರೂ ಸರಿ, ಒಂದು ಪಕ್ಕಾಸಿನದ್ದಾದರೂ ಸರಿ. ಕಬ್ಬಿಣದ ಅಂಗಡಿ ಇರುವವರು ಸಾಮಾನನ್ನೇ ಕೊಟ್ಟರೂ ಸಂತೋಷ. ನಿಲಯದ ಕಚೇರಿ ಸಂಜೆ ಏಳರವರೆಗೆ ತೆರೆದಿರುತ್ತದೆ, ಕೊಟ್ಟ ಕೂಡಲೇ ರಸೀದಿ ಸಿಗುತ್ತದೆ. ಬರುವ ಸೋಮವಾರ ಮೇಸ್ತ್ರಿಗೆ ಮುಂಗಡ ಕೊಡಬೇಕು. ಅದರೊಳಗೆ ಒಮ್ಮೆ ಬಂದು ಹೋಗಿ.

ಇಂತು ನಿಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು